ಫ್ಯಾಟಿ ಲಿವರ್ ಜೊತೆಗೆ ಪಿತ್ತಕೋಶದಲ್ಲಿ ಕಲ್ಲು: ಮನೆ ತುಂಬ ಲಿವರ್ ಮಾತ್ರೆ, ಯಾವುದನ್ನು ಇಟ್ಟುಕೊಳ್ಳಲಿ?

ಜಯನಗರದವಳು

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ 44 ವರ್ಷ. ಆಫೀಸಿನವರು ಮಾಡಿಸಿದ ಚೆಕಪ್‌ನಲ್ಲಿ ಗ್ರೇಡ್ 1 ಫ್ಯಾಟಿ ಲಿವರ್ ಅಂತ ಬಂದಿದೆ. ಅದೇ ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದಲ್ಲಿ 6 ಎಂಎಂ ಕಲ್ಲೊಂದು ಸಿಕ್ಕಿದೆ. ನೋವು ಗೀವು ಏನೂ ಇಲ್ಲ. ಕುಡಿಯುವ ಅಭ್ಯಾಸವೂ ಇಲ್ಲ. ತೂಕ 82 ಕೆಜಿ, ಎತ್ತರ ಐದು ಅಡಿ ಏಳಿಂಚು. ಲಿವರ್ ಎನ್‌ಜೈಮ್‌ಗಳಾದ ಎಸ್‌ಜಿಒಟಿ 45, ಎಸ್‌ಜಿಪಿಟಿ 68, ಪ್ಲೇಟ್‌ಲೆಟ್ 2.4 ಲಕ್ಷ. ಬಿಲಿರುಬಿನ್ ನಾರ್ಮಲ್.

ವಿಷಯ ಗೊತ್ತಾಗಿದ್ದೇ ತಡ, ನೆಂಟರಿಷ್ಟರೆಲ್ಲ ಡಾಕ್ಟರಾದರು. ಅತ್ತೆ ನೆಲನೆಲ್ಲಿ ತರಿಸಿದರು. ನಾದಿನಿ ಅಮೃತಬಳ್ಳಿ ಮಾತ್ರೆ ಕಳಿಸಿದಳು. ಇವರ ಲಾಲ್‌ಬಾಗ್ ವಾಕಿಂಗ್ ಗೆಳೆಯರು ಗೇಟಿನ ಹತ್ತಿರ ಸೋರೆಕಾಯಿ ಜ್ಯೂಸ್ ಕುಡಿಸುತ್ತಿದ್ದಾರೆ. ಎದುರುಮನೆಯವರು ಆನ್‌ಲೈನ್‌ನಲ್ಲಿ ತರಿಸಿದ 'ಲಿವರ್ ಡಿಟಾಕ್ಸ್' ಡಬ್ಬ ಕೊಟ್ಟರು. ಅದರ ಹಿಂದೆ ಹೀಗೆ ಬರೆದಿದೆ: ಮಿಲ್ಕ್ ಥಿಸಲ್ 400 ಮಿ.ಗ್ರಾಂ, ಅರಿಶಿನದ ಸಾರ 500 ಮಿ.ಗ್ರಾಂ (95% ಕರ್ಕ್ಯುಮಿನ್), ಕರಿಮೆಣಸಿನ ಸಾರ 5 ಮಿ.ಗ್ರಾಂ, ಗ್ರೀನ್ ಟೀ ಸಾರ 250 ಮಿ.ಗ್ರಾಂ, ಡ್ಯಾಂಡೆಲಿಯನ್ ಬೇರು, ಆರ್ಟಿಚೋಕ್ ಎಲೆ. ಇದು ದಿನಕ್ಕೆ ಎರಡು ಮಾತ್ರೆ ಸೇರಿದ ಲೆಕ್ಕ.

ನಮ್ಮ ಫ್ರಿಜ್ ಬಾಗಿಲು ಈಗ ಚಿಕ್ಕಪೇಟೆಯ ಗ್ರಂಥಿಗೆ ಅಂಗಡಿ ಥರ ಆಗಿದೆ. ಗೊತ್ತಿರುವವರು ದಯವಿಟ್ಟು ಹೇಳಿ.

ಮೆಡಿಕಲ್ಸ್_ರಾಜಾಜಿನಗರ

ಅಕ್ಕ, ಮೊದಲು ಆ ಡಬ್ಬವನ್ನು ಪಕ್ಕಕ್ಕಿಡಿ. ನಾನು ಔಷಧಿ ಅಂಗಡಿಯವನು. ಮಾರುವವನೇ ಬೇಡ ಅಂತಿದ್ದೇನೆ ಅಂದ್ರೆ ಅರ್ಥ ಮಾಡಿಕೊಳ್ಳಿ.

ನಿಮ್ಮ ಮನೆಯಲ್ಲಿ ಇರುವುದು ಒಂದು ತೊಂದರೆ ಅಲ್ಲ, ಎರಡು. ಲಿವರ್‌ನಲ್ಲಿ ಕೊಬ್ಬು ಬೇರೆ, ಪಿತ್ತಕೋಶದ ಕಲ್ಲು ಬೇರೆ. ಡಬ್ಬದ ಮೇಲೆ ಮಾತ್ರ 'ಲಿವರ್ ಮತ್ತು ಗಾಲ್ ಬ್ಲಾಡರ್ ಸಪೋರ್ಟ್' ಅಂತ ಎರಡನ್ನೂ ಒಟ್ಟಿಗೆ ಕಟ್ಟಿ ಮಾರುತ್ತಾರೆ.

ಲಿವರ್ ದಿನಕ್ಕೆ ಮುಕ್ಕಾಲು ಲೀಟರ್ ಆಸುಪಾಸು ಪಿತ್ತರಸ ಮಾಡುತ್ತೆ. ಅದರಲ್ಲಿ ಒಂದಷ್ಟನ್ನು ಪಿತ್ತಕೋಶ ಗಟ್ಟಿ ಮಾಡಿ ಇಟ್ಟುಕೊಳ್ಳುತ್ತೆ. ಅದು ಹಿಡಿಸುವುದು 30ರಿಂದ 50 ಎಂಎಲ್ ಅಷ್ಟೇ. ನೀವು ಎಣ್ಣೆ ತುಪ್ಪ ತಿಂದಾಗ ಪಿತ್ತಕೋಶ ಹಿಂಡಿಕೊಂಡು ಆ ರಸವನ್ನು ಕರುಳಿಗೆ ಬಿಡುತ್ತೆ. ಈಗ ಆ ಡಬ್ಬದಲ್ಲಿರುವ ಕರ್ಕ್ಯುಮಿನ್, ಡ್ಯಾಂಡೆಲಿಯನ್, ಆರ್ಟಿಚೋಕ್ ನೋಡಿ. ಮೂರನ್ನೂ ಹೊಗಳುವುದೇ 'ಪಿತ್ತ ಚೆನ್ನಾಗಿ ಹರಿಯುತ್ತೆ' ಅಂತ. ಕರ್ಕ್ಯುಮಿನ್ ಬರೀ 20 ಮಿ.ಗ್ರಾಂ ಕೊಟ್ಟರೂ ಪಿತ್ತಕೋಶ ಹಿಂಡಿಕೊಳ್ಳುವುದು ಆರೋಗ್ಯವಂತರ ಸ್ಕ್ಯಾನಿಂಗ್‌ನಲ್ಲಿ ಕಂಡಿದೆ. ಒಳಗೆ ಕಲ್ಲು ಇಲ್ಲದಿದ್ದರೆ ಚಿಂತೆಯಿಲ್ಲ. ಕಲ್ಲಿಟ್ಟುಕೊಂಡು ಹಿಂಡಿಸಿದರೆ ಅದು ಹೋಗಿ ಪಿತ್ತಕೋಶದ ಕುತ್ತಿಗೆಯಲ್ಲೋ ಪಿತ್ತನಾಳದಲ್ಲೋ ಸಿಕ್ಕಿಕೊಳ್ಳಬಹುದು. ಆಮೇಲೆ ರಾತ್ರಿ ಎಮರ್ಜೆನ್ಸಿಗೆ ಓಡಬೇಕು.

ಯಲಹಂಕ_ಕೋಡರ್

ಸರ್, ಅಡುಗೆಗೆ ದಿನಾ ಅರಿಶಿನ ಹಾಕ್ತೀವಲ್ಲ? ಹಾಗಾದ್ರೆ ಸಾರು ತಿನ್ನೋದೂ ತಪ್ಪಾ?

ಮೆಡಿಕಲ್ಸ್_ರಾಜಾಜಿನಗರ

ಸಾರು ತಿನ್ನಿ ಸ್ವಾಮಿ, ಯಾರು ಬೇಡ ಅಂದ್ರು. ಲೆಕ್ಕ ನೋಡಿ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು 3%. ಆ ಡಬ್ಬದ ಒಂದು ದಿನದ ಲೆಕ್ಕದಲ್ಲಿ 475 ಮಿ.ಗ್ರಾಂ ಇದೆ. ಅಷ್ಟು ಬೇಕಾದರೆ ಒಬ್ಬನೇ ಕೂತು ಸುಮಾರು 16 ಗ್ರಾಂ ಅರಿಶಿನ ಪುಡಿ ತಿನ್ನಬೇಕು. ಅದರ ಮೇಲೆ ಕರಿಮೆಣಸಿನ ಸಾರ ಬೇರೆ. ಅದನ್ನು ಹಾಕುವುದೇ ಕರ್ಕ್ಯುಮಿನ್ ಇನ್ನೂ ಜಾಸ್ತಿ ರಕ್ತಕ್ಕೆ ಸೇರಲಿ ಅಂತ.

ಅಮೆರಿಕದಲ್ಲಿ ಔಷಧಿಗಳಿಂದ ಲಿವರ್ ಕೆಟ್ಟ ಪ್ರಕರಣಗಳನ್ನು ದಾಖಲು ಮಾಡುವ ವೈದ್ಯರ ತಂಡವೊಂದಿದೆ. ಅವರು 2022ರಲ್ಲಿ ಅರಿಶಿನ ಸಪ್ಲಿಮೆಂಟ್‌ನಿಂದ ಲಿವರ್ ಪೆಟ್ಟು ತಿಂದ 10 ಜನರ ವಿವರ ಪ್ರಕಟಿಸಿದರು. ಅವರಲ್ಲಿ 7 ಜನರಿಗೆ ಒಂದೇ ಬಗೆಯ ಜೀನ್ ಇತ್ತು. ಅಂದ್ರೆ ಎಲ್ಲರಿಗೂ ಆಗಲ್ಲ. ಆದರೆ ಯಾರಿಗೆ ಆಗುತ್ತೆ ಅಂತ ನನ್ನ ಕೌಂಟರ್‌ನಲ್ಲಿ ನಿಂತು ಹೇಳೋಕಾಗಲ್ಲ.

ಗ್ರೀನ್ ಟೀದೂ ಅದೇ ಕಥೆ. ಬಿಸಿನೀರಲ್ಲಿ ಅದ್ದಿ ಕುಡಿಯುವುದಕ್ಕೆ ಹೆದರಬೇಕಿಲ್ಲ. ಅದರ ಸಾರವನ್ನು ಮಾತ್ರೆ ಮಾಡಿ ನುಂಗುವುದು ಬೇರೆ. ಇಜಿಸಿಜಿ ಅನ್ನುವ ಅಂಶ ದಿನಕ್ಕೆ 800 ಮಿ.ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಹೋದರೆ ಲಿವರ್ ಎನ್‌ಜೈಮ್ ಏರುತ್ತೆ ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲೇ ಹೇಳಿದೆ. ಈ ಡಬ್ಬದಲ್ಲಿ ಅಷ್ಟಿಲ್ಲ, ಸರಿ. ಆದರೆ ಇದರ ಜೊತೆಗೆ ತೂಕ ಇಳಿಸುವ ಇನ್ನೊಂದು ಮಾತ್ರೆ ತಗೊಳ್ಳುವವರು ಇರ್ತಾರೆ. ಅದರಲ್ಲೂ ಗ್ರೀನ್ ಟೀ ಸಾರ ಇರುತ್ತೆ.

ಸಿರ್ಸಿಯವ_ಈಗ_ವಿಜಯನಗರ

ತೂಕ ಇಳಿಸುವ ಮಾತ್ರೆ ಅಂದಾಗ ನೆನಪಾಯ್ತು. 'ಗಾರ್ಸಿನಿಯಾ' ಅಂತ ಡಬ್ಬಗಳ ಮೇಲೆ ಬರೀತಾರಲ್ಲ, ಅದು ನಮ್ಮ ಉಪ್ಪಾಗೆ ಕಣ್ರೀ. ನಮ್ಮ ಕಡೆ ಕಾಡಿನಿಂದ ಆರಿಸಿ, ಸಿಪ್ಪೆಯನ್ನು ಹೊಗೆ ಹಾಕಿ ಒಣಗಿಸಿ ಮಾರುತ್ತಾರೆ. ಬೀಜದಿಂದ ತುಪ್ಪ ತೆಗೀತಾರೆ. ಹುಳಿಗೆ ಹಾಕಿದರೆ ರುಚಿಯೇ ಬೇರೆ. ಅದನ್ನೇ ಸಾರ ಇಳಿಸಿ ಮಾತ್ರೆ ಮಾಡಿ ಪಟ್ಟಣದವರಿಗೆ ನುಂಗಿಸುತ್ತಿದ್ದಾರೆ. ಆ ಮಾತ್ರೆಯಿಂದ ಲಿವರ್ ಹಾಳಾದವರ ವರದಿಗಳು ಬೇರೆ ಬೇರೆ ದೇಶಗಳಿಂದ ಬಂದಿವೆ. ಉಪ್ಪಾಗೆ ಹಾಕಿದ ಸಾರು ಉಂಡು ಲಿವರ್ ಹೋಯ್ತು ಅನ್ನುವವರನ್ನು ನಾನಂತೂ ನೋಡಿಲ್ಲ.

ವಿಷಯಾಂತರ ಆಯ್ತು, ಕ್ಷಮಿಸಿ. ಮುಂದುವರಿಸಿ.

ಬಸವನಗುಡಿ_ಅಜ್ಜಿ

ಈಗಿನವರು ಎಲ್ಲದಕ್ಕೂ ಹೆದರುತ್ತೀರಿ. ನಮ್ಮ ಊರಲ್ಲಿ ಕಾಮಾಲೆ ಬಂದರೆ ನಾಟಿ ಔಷಧಿಯವರ ಹತ್ತಿರ ಹೋಗ್ತಿದ್ದೆವು. ನೆಲನೆಲ್ಲಿ ಅರೆದು ಹಾಲಲ್ಲಿ ಕೊಡ್ತಿದ್ದರು. ಉಪ್ಪು, ಎಣ್ಣೆ ಬಿಟ್ಟು ಪಥ್ಯ. ಎರಡು ಮೂರು ವಾರಕ್ಕೆ ಎದ್ದು ಓಡಾಡ್ತಿದ್ದರು. ಸುಮ್ನೆ ನಂಬಿಕೆಯಿಂದ ವಾಸಿಯಾಯ್ತಾ?

ಓಪಿಡಿ_ಮುಗಿಸಿ_ಬಂದೆ

ಅಜ್ಜಿ, ವಾಸಿಯಾಗಿದ್ದು ನಿಜ. ಆದರೆ ಮಕ್ಕಳಿಗೆ, ಹುಡುಗರಿಗೆ ಊರುಗಳಲ್ಲಿ ಬರುತ್ತಿದ್ದ ಕಾಮಾಲೆ ಬಹುತೇಕ ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ. ಅದು ಹೆಚ್ಚಿನವರಲ್ಲಿ ಔಷಧಿ ಇಲ್ಲದೆಯೂ ಕೆಲವು ವಾರಗಳಲ್ಲಿ ಇಳಿಯುತ್ತೆ. ನಾಟಿ ಔಷಧಿ ಕೊಟ್ಟವರಿಗೆ ಹೆಸರು ಬಂತು. ತೊಂದರೆ ಆಗುವುದು ಎಲ್ಲಿ ಅಂದ್ರೆ, ಕಾಮಾಲೆಗೆ ಕಾರಣ ಬಿ ವೈರಸ್ಸೋ, ನಾಳದಲ್ಲಿ ಸಿಕ್ಕಿದ ಕಲ್ಲೋ ಆಗಿದ್ದಾಗ. ಆಗ ಹಾಲಲ್ಲಿ ಸೊಪ್ಪು ಕುಡಿಯುತ್ತಾ ಕೂತರೆ ಕೈತಪ್ಪುತ್ತೆ.

ನೆಲನೆಲ್ಲಿಗೆ ವಿಜ್ಞಾನಿಗಳು ಬೆಲೆ ಕೊಡಲಿಲ್ಲ ಅಂತಲ್ಲ. 1988ರಲ್ಲಿ ಮದ್ರಾಸಿನ ಸಂಶೋಧಕರು ಹೆಪಟೈಟಿಸ್ ಬಿ ಇದ್ದವರಿಗೆ ಒಂದು ತಿಂಗಳು ಕೊಟ್ಟು ನೋಡಿದರು. 37 ಜನರಲ್ಲಿ 22 ಜನರ ರಕ್ತದಲ್ಲಿ ವೈರಸ್ಸಿನ ಗುರುತು ಕಾಣೆಯಾಯಿತು ಅಂತ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ದೊಡ್ಡ ಸುದ್ದಿಯಾಯಿತು. ಆಮೇಲೆ ಬೇರೆ ಕಡೆ ಮಾಡಿದಾಗ ಆ ಫಲ ಸಿಗಲಿಲ್ಲ. 2011ರಲ್ಲಿ ಎಲ್ಲ ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗಲೂ ಗಟ್ಟಿ ಆಧಾರ ಕಾಣಲಿಲ್ಲ.

ಇನ್ನು ಜಯನಗರದವರಿಗೆ. ನಿಮ್ಮ ಯಜಮಾನರ ಅಂಕಿಗಳನ್ನು ಹಾಕಿ, ಲಿವರ್ ಕಲೆಗಟ್ಟಿ ಗಟ್ಟಿಯಾಗಿದೆಯಾ ಅಂತ ಅಂದಾಜು ಮಾಡುವ ಫಿಬ್-4 ಲೆಕ್ಕ ಮಾಡಿದೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ: 44 ಗುಣಿಸು 45, ಅಂದ್ರೆ 1980. ಇದನ್ನು ಪ್ಲೇಟ್‌ಲೆಟ್ (ಸಾವಿರದ ಲೆಕ್ಕದಲ್ಲಿ 240) ಮತ್ತು ಎಸ್‌ಜಿಪಿಟಿಯ ವರ್ಗಮೂಲ, ಎರಡರ ಗುಣಲಬ್ಧದಿಂದ ಭಾಗಿಸಬೇಕು. 68ರ ವರ್ಗಮೂಲ ಸುಮಾರು 8.25. ಉತ್ತರ 1.0 ಬರುತ್ತೆ. 1.3ಕ್ಕಿಂತ ಕಮ್ಮಿ ಇದ್ದರೆ ಲಿವರ್ ಗಟ್ಟಿಯಾಗಿರುವ ಸಾಧ್ಯತೆ ಕಮ್ಮಿ. ಅಂದ್ರೆ ಗಾಬರಿ ಬೇಡ. ಹೆಪಟೈಟಿಸ್ ಬಿ, ಸಿ ಮತ್ತು ಸಕ್ಕರೆ ಪರೀಕ್ಷೆ ಆಗಿಲ್ಲದಿದ್ದರೆ ಒಮ್ಮೆ ಮಾಡಿಸಿ.

ಅಮೃತಬಳ್ಳಿ ಮಾತ್ರೆ ನಿಲ್ಲಿಸಿ. ಕೋವಿಡ್ ಸಮಯದಲ್ಲಿ 'ಇಮ್ಯೂನಿಟಿ'ಗೆ ಅಂತ ಎಲ್ಲರೂ ಕುಡಿದರಲ್ಲ, ಆಗ ಮೊದಲು ಮುಂಬೈಯಿಂದ 6 ಜನರ ವರದಿ ಬಂತು. 2022ರಲ್ಲಿ ದೇಶದ ಬೇರೆ ಬೇರೆ ಆಸ್ಪತ್ರೆಗಳು ಸೇರಿ 43 ಜನರ ವಿವರ ಕೊಟ್ಟವು. ದೇಹ ತನ್ನ ಲಿವರ್ ಮೇಲೆ ತಾನೇ ಎರಗುವಂಥ ಹೆಪಟೈಟಿಸ್ ಅದು.

ಧನ್ವಂತರಿ_ರಸ್ತೆ_ಹುಡುಗಿ

ಒಂದು ನಿಮಿಷ ಡಾಕ್ಟ್ರೇ. ನಾನು ಆಯುರ್ವೇದ ಓದಿದವಳು. ಅಮೃತಬಳ್ಳಿ ಅಂತ ಸಿಕ್ಕ ಸಿಕ್ಕ ಬಳ್ಳಿ ಕಿತ್ತು ಕಷಾಯ ಮಾಡಿದರು. ಅದರ ಜಾತಿಯದ್ದೇ ಆದ, ನೋಡೋಕೆ ಹಾಗೇ ಇರುವ ಇನ್ನೊಂದು ಬಳ್ಳಿ ಇದೆ. ಆಯುಷ್ ಸಚಿವಾಲಯ ಮುಂಬೈ ವರದಿ ಬಂದಾಗಲೇ ಈ ಮಾತು ಹೇಳಿತ್ತು. ನೀವು ಅದನ್ನು ಬಿಟ್ಟು ಅರ್ಧ ಕಥೆ ಹೇಳಬಾರದು ಅಲ್ವಾ?

ಓಪಿಡಿ_ಮುಗಿಸಿ_ಬಂದೆ

ಹೇಳಿದ್ದು ಸರಿ, ಸಚಿವಾಲಯ ಹಾಗೆ ಹೇಳಿದೆ. ಆದರೆ ಅಂಗಡಿಯಲ್ಲಿ ಕೊಳ್ಳುವವರಿಗೆ ಯಾವ ಬಳ್ಳಿ ಪುಡಿಯಾಗಿದೆ ಅಂತ ಗೊತ್ತಾಗುವುದು ಹೇಗೆ? ಎಸ್‌ಜಿಪಿಟಿ ಆಗಲೇ ಏರಿರುವವರಿಗೆ ಈ ಜೂಜು ಬೇಡ ಅನ್ನುವುದಷ್ಟೇ ನನ್ನ ಮಾತು.

ಧನ್ವಂತರಿ_ರಸ್ತೆ_ಹುಡುಗಿ

ಅದಕ್ಕೆ ನನ್ನ ತಕರಾರಿಲ್ಲ. ನಾನೂ ಜಯನಗರದ ಅಕ್ಕನಿಗೆ ನಿಲ್ಲಿಸಿ ಅಂತಲೇ ಹೇಳ್ತೀನಿ. ನಾದಿನಿ ಕಳಿಸಿದ್ದು, ಅತ್ತೆ ತರಿಸಿದ್ದು ಆಯುರ್ವೇದ ಅಲ್ಲ. ನಾಡಿ ನೋಡಿಲ್ಲ, ಹೊಟ್ಟೆ ಮುಟ್ಟಿಲ್ಲ, ಎಷ್ಟು ದಿನ ಅಂತ ಹೇಳಿಲ್ಲ. ಲಿವರ್‌ಗೆ ಅಂತ ಜನ ತಾವೇ ಕೊಂಡು ತಿನ್ನುವ ಆರೋಗ್ಯವರ್ಧಿನಿಯನ್ನೇ ತಗೊಳ್ಳಿ. ಅದರಲ್ಲಿ ಕಟುಕರೋಹಿಣಿ, ತ್ರಿಫಲ ಇರುವುದು ಎಲ್ಲರಿಗೂ ಗೊತ್ತು. ಕಜ್ಜಲಿ, ಅಂದ್ರೆ ಪಾದರಸ ಮತ್ತು ಗಂಧಕ ಸೇರಿಸಿ ಅರೆದದ್ದು, ಅದೂ ಇರುತ್ತೆ ಅನ್ನುವುದು ಎಷ್ಟು ಜನರಿಗೆ ಗೊತ್ತು? ಬರೆದುಕೊಟ್ಟವರು ಎದುರಿಗಿಲ್ಲದೆ ವರ್ಷಗಟ್ಟಲೆ ನುಂಗುವ ವಸ್ತು ಅಲ್ಲ ಅದು.

ಕೊಡಿಗೇಹಳ್ಳಿ_ಡಂಬಲ್

ಮಿಲ್ಕ್ ಥಿಸಲ್ ಬಗ್ಗೆ ಯಾರೂ ಹೇಳಲೇ ಇಲ್ಲ. ನಮ್ಮ ಜಿಮ್‌ನಲ್ಲಿ ಅರ್ಧ ಜನ ಅದನ್ನೇ ತಿಂತಾರೆ. ನನಗೂ ಎಸ್‌ಜಿಒಟಿ ಜಾಸ್ತಿ ಬಂದಿತ್ತು. ಟ್ರೇನರ್ 'ಲಿವರ್ ಸಪೋರ್ಟ್ ಹಾಕು' ಅಂದ. ಡಾಕ್ಟರ್ ಮಾತ್ರ ಒಂದು ವಾರ ಜಿಮ್ ಬಿಟ್ಟು ಮತ್ತೆ ರಕ್ತ ಕೊಡು ಅಂದರು. ಕೊಟ್ಟೆ, ಇಳಿದಿತ್ತು. ಏನೂ ತಿನ್ನದೆ!

ಓಪಿಡಿ_ಮುಗಿಸಿ_ಬಂದೆ

ಇದು ಎಲ್ಲ ಜಿಮ್ ಗೋಡೆಗಳ ಮೇಲೂ ಬರೆಸಬೇಕಾದ ವಿಷಯ. ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಸ್ನಾಯುವಿನಲ್ಲೂ ಇರುತ್ತವೆ. ಹಿಂದಿನ ದಿನ ಭಾರ ಎತ್ತಿ ಸ್ಕ್ವಾಟ್ ಹೊಡೆದು ಬಂದರೆ ರಿಪೋರ್ಟ್ ಕೆಂಪಾಗುತ್ತೆ. ಲಿವರ್‌ನ ಇನ್ನೊಂದು ಎನ್‌ಜೈಮ್ ಜಿಜಿಟಿ ನಾರ್ಮಲ್ ಇದ್ದು, ಸ್ನಾಯುವಿನ ಎನ್‌ಜೈಮ್ ಸಿಪಿಕೆ ಏರಿದ್ದರೆ ಅನುಮಾನ ಸ್ನಾಯುವಿನ ಕಡೆ ಹೋಗುತ್ತೆ. ಆದರೆ ಜಿಮ್‌ನಲ್ಲಿ ಕದ್ದುಮುಚ್ಚಿ ಸ್ಟಿರಾಯ್ಡ್ ಚುಚ್ಚಿಸಿಕೊಂಡು ಕಣ್ಣು ಹಳದಿ ಮಾಡಿಕೊಂಡು ಬರುವವರೂ ಇದ್ದಾರೆ. ಅದು ನಿಜವಾದ ಲಿವರ್ ತೊಂದರೆ. ಅದಕ್ಕೆ ಯಾವ ಸಪೋರ್ಟ್ ಮಾತ್ರೆಯೂ ರಕ್ಷಣೆ ಅಲ್ಲ.

ಮಿಲ್ಕ್ ಥಿಸಲ್ ಅನ್ನುವ ಮುಳ್ಳುಗಿಡದ ಸತ್ವವೇ ಸಿಲಿಮರಿನ್. ಸಾಧಾರಣವಾಗಿ ಅಪಾಯ ಇಲ್ಲದ್ದು. ಯುರೋಪಿನಲ್ಲಿ ವಿಷದ ಅಣಬೆ ತಿಂದವರಿಗೆ ಇದರ ಸತ್ವವನ್ನು ಇಂಜೆಕ್ಷನ್ ಮೂಲಕ ಕೊಡುವುದುಂಟು. ಮಾತ್ರೆಯ ವಿಷಯಕ್ಕೆ ಬಂದರೆ ಫಲ ಅಷ್ಟಕ್ಕಷ್ಟೇ. ಹೆಪಟೈಟಿಸ್ ಸಿ ಇದ್ದ 154 ಜನರಿಗೆ ದೊಡ್ಡ ಡೋಸ್‌ನಲ್ಲಿ ಕೊಟ್ಟು ನೋಡಿದ ಅಮೆರಿಕದ ಪ್ರಯೋಗ 2012ರಲ್ಲಿ ಬಂತು. ಔಷಧಿಯೇ ಇಲ್ಲದ ಸುಳ್ಳು ಮಾತ್ರೆ ತಿಂದವರಿಗೂ ಇದನ್ನು ತಿಂದವರಿಗೂ ವ್ಯತ್ಯಾಸ ಕಾಣಲಿಲ್ಲ. ತಿಂದರೆ ದುಡ್ಡು ಹೋಗುತ್ತೆ, ಲಿವರ್ ಹೋಗಲ್ಲ. ಅಷ್ಟು ಹೇಳಬಲ್ಲೆ.

ಯಲಹಂಕ_ಕೋಡರ್

ಲಿವರ್ ಸರಿ, ಕಲ್ಲಿಗೆ ಏನು? ನಮ್ಮ ಟೀಮ್‌ನವನು ಆಲಿವ್ ಎಣ್ಣೆ, ನಿಂಬೆರಸ, ಎಪ್ಸಮ್ ಸಾಲ್ಟ್ ಕುಡಿದು ಫ್ಲಶ್ ಮಾಡಿದ. ಮಾರನೇ ದಿನ ಹಸಿರು ಹಸಿರು ಕಲ್ಲು ರಾಶಿ ಬಿತ್ತು. ಫೋಟೋ ಕೂಡ ತೋರಿಸಿದ. ಕಣ್ಣಾರೆ ನೋಡಿದ್ದೀನಿ, ನಂಬದೆ ಹೇಗಿರಲಿ?

ಮೆಡಿಕಲ್ಸ್_ರಾಜಾಜಿನಗರ

ನೀವು ನೋಡಿದ್ದು ಸೋಪು ಮಾರಾಯ್ರೇ.

ಓಪಿಡಿ_ಮುಗಿಸಿ_ಬಂದೆ

ಅವರು ತಮಾಷೆ ಮಾಡ್ತಿಲ್ಲ. 2005ರಲ್ಲಿ ಇಂಥದ್ದೇ ಹಸಿರು ಉಂಡೆಗಳನ್ನು ಒಬ್ಬ ಮಹಿಳೆ ಆಸ್ಪತ್ರೆಗೆ ತಂದರು. ಪರೀಕ್ಷೆ ಮಾಡಿದ ವೈದ್ಯರು ಲ್ಯಾನ್ಸೆಟ್‌ಗೆ ಪತ್ರ ಬರೆದರು. 40 ಡಿಗ್ರಿ ಬಿಸಿಗೆ ಆ 'ಕಲ್ಲು' ಕರಗಿ ಎಣ್ಣೆಯಾಯಿತು. ಮುಕ್ಕಾಲು ಪಾಲು ಕೊಬ್ಬಿನ ಆಮ್ಲ. ಕುಡಿದ ಎಣ್ಣೆ ಹೊಟ್ಟೆಯಲ್ಲಿ ನಿಂಬೆರಸದ ಜೊತೆ ಸೇರಿ ಉಂಡೆ ಕಟ್ಟಿತ್ತು ಅಷ್ಟೇ. ನಿಮ್ಮ ಗೆಳೆಯರಿಗೆ ಫ್ಲಶ್‌ಗೆ ಮುಂಚೆ ಒಂದು, ಆಮೇಲೆ ಒಂದು ಸ್ಕ್ಯಾನಿಂಗ್ ಮಾಡಿಸೋಕೆ ಹೇಳಿ. ಕಲ್ಲು ಇದ್ದಲ್ಲೇ ಇರುತ್ತೆ.

ಬಸವನಗುಡಿ_ಅಜ್ಜಿ

ಬಾಳೆದಿಂಡಿನ ರಸ ಕುಡಿದರೆ ಕಲ್ಲು ಹೋಗುತ್ತೆ ಅಂತಾರಲ್ಲ, ಅದೂ ಸುಳ್ಳಾ?

ಮೆಡಿಕಲ್ಸ್_ರಾಜಾಜಿನಗರ

ಅಜ್ಜಿ, ಬಾಳೆದಿಂಡು, ಬಾರ್ಲಿ ನೀರು, ಕಾಡುಬಸಳೆ ಎಲ್ಲ ಜನ ಹೇಳುವುದು ಕಿಡ್ನಿ ಕಲ್ಲಿಗೆ. ಆ ಕಲ್ಲಿಗೆ ಮೂತ್ರದ ದಾರಿ ಇದೆ. ಪಿತ್ತಕೋಶಕ್ಕೂ ಮೂತ್ರಕ್ಕೂ ಸಂಬಂಧವೇ ಇಲ್ಲ. ಎಷ್ಟು ನೀರು ಕುಡಿದರೂ ಅಲ್ಲಿಗೆ ಹೋಗಿ ತೊಳೆಯಲ್ಲ. ನನ್ನ ಕೌಂಟರ್‌ಗೆ ವಾರಕ್ಕೊಬ್ಬರಾದರೂ ಪಿತ್ತಕೋಶದ ಸ್ಕ್ಯಾನ್ ರಿಪೋರ್ಟ್ ಹಿಡಿದು ಕಿಡ್ನಿ ಕಲ್ಲಿನ ಸಿರಪ್ ಕೇಳುತ್ತಾರೆ. ಕೊಡುವ ಅಂಗಡಿಗಳೂ ಇವೆ, ಏನ್ ಹೇಳೋದು.

ದಿಂಡಿನ ಪಲ್ಯ ಮಾತ್ರ ಬಿಡಬೇಡಿ, ನಾರಿನಂಶ ಒಳ್ಳೆಯದು.

ಜಯನಗರದವಳು

ಎಲ್ಲರಿಗೂ ಥ್ಯಾಂಕ್ಸ್. ಹಾಗಾದ್ರೆ ಕಲ್ಲು ಕರಗಿಸೋ ಮಾತ್ರೆ ಅಂತ ಇಂಗ್ಲಿಷ್ ಔಷಧಿಯಲ್ಲಿ ಇಲ್ವಾ? ಒಬ್ಬರು ಆಪರೇಷನ್ ಮಾಡಿಸಿಬಿಡಿ ಅಂತಿದ್ದಾರೆ. ಇನ್ನೊಬ್ಬರು ವಿಟಮಿನ್ ಇ ಕೊಡಿ ಅಂದರು.

ಓಪಿಡಿ_ಮುಗಿಸಿ_ಬಂದೆ

ಇದೆ. ಅರ್ಸೋಡಿಯಾಕ್ಸಿಕೋಲಿಕ್ ಆಮ್ಲ. ಡಾಕ್ಟರ್ ಚೀಟಿ ಮೇಲೆ ಕೊಡುವ ಔಷಧಿ, ಸಪ್ಲಿಮೆಂಟ್ ಅಲ್ಲ. ಕಲ್ಲು ಚಿಕ್ಕದಿರಬೇಕು, ಕೊಲೆಸ್ಟ್ರಾಲ್‌ನಿಂದಾಗಿರಬೇಕು, ಸುಣ್ಣ ಕಟ್ಟಿರಬಾರದು, ಪಿತ್ತಕೋಶ ಕೆಲಸ ಮಾಡುತ್ತಿರಬೇಕು. ಆರು ತಿಂಗಳಿಂದ ಎರಡು ವರ್ಷ ತಿನ್ನಬೇಕು. ನಿಲ್ಲಿಸಿದ ಮೇಲೆ ಐದು ವರ್ಷದೊಳಗೆ ಸುಮಾರು ಅರ್ಧ ಜನರಿಗೆ ಮತ್ತೆ ಬರುತ್ತೆ. ನೋವೇ ಇಲ್ಲದ ಕಲ್ಲಿಗೆ ಸಾಮಾನ್ಯವಾಗಿ ಇದೂ ಬೇಡ, ಆಪರೇಷನ್ನೂ ಬೇಡ. ವರ್ಷಕ್ಕೆ ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ ನೋವು ಶುರುವಾಗುತ್ತೆ. ಆಗ ನೋಡಿದರಾಯ್ತು.

ವಿಟಮಿನ್ ಇ ಮಾತು ಪೂರ್ತಿ ಸುಳ್ಳಲ್ಲ. 2010ರ ಪ್ರಯೋಗವೊಂದರಲ್ಲಿ ದಿನಕ್ಕೆ 800 ಐಯು, 96 ವಾರ ಕೊಟ್ಟರು. 43% ಜನರಿಗೆ ಗುಣ ಕಂಡಿತು. ಸುಳ್ಳು ಮಾತ್ರೆ ತಿಂದವರಲ್ಲಿ 19%. ಆದರೆ ಅವರೆಲ್ಲ ಬಯಾಪ್ಸಿಯಲ್ಲಿ ಲಿವರ್ ಉರಿಯೂತ ಕಂಡವರು, ಸಕ್ಕರೆ ಕಾಯಿಲೆ ಇಲ್ಲದವರು. ಸ್ಕ್ಯಾನಿಂಗ್‌ನ ಗ್ರೇಡ್ 1ಕ್ಕೆ ಅದನ್ನು ತಂದು ಅಂಟಿಸೋಕಾಗಲ್ಲ. ಇನ್ನೊಂದು ದೊಡ್ಡ ಅಧ್ಯಯನದಲ್ಲಿ ದಿನಕ್ಕೆ 400 ಐಯು ತಿಂದ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ 17% ಜಾಸ್ತಿ ಕಂಡಿದೆ.

ನಿಮ್ಮವರಿಗೆ ಬೇಕಾದ ಮದ್ದು ತೂಕ ಇಳಿಸುವುದು. 82ರಲ್ಲಿ 7ರಿಂದ 10% ಅಂದ್ರೆ ಆರರಿಂದ ಎಂಟು ಕೆಜಿ. ಅಷ್ಟು ಇಳಿದರೆ ಲಿವರ್ ಕೊಬ್ಬು ಚೆನ್ನಾಗಿ ಕರಗುತ್ತೆ. ಆದರೆ ಕಲ್ಲು ಇರುವುದರಿಂದ ಇಲ್ಲೊಂದು ತಿರುವು ಇದೆ. ತೂಕ ಸರ್ರನೆ ಇಳಿದರೆ ಲಿವರ್ ಪಿತ್ತರಸಕ್ಕೆ ಜಾಸ್ತಿ ಕೊಲೆಸ್ಟ್ರಾಲ್ ಸುರಿಯುತ್ತೆ. ಉಪವಾಸ ಮಾಡಿ ಕೊಬ್ಬು ಪೂರ್ತಿ ಬಿಟ್ಟರೆ ಪಿತ್ತಕೋಶ ಹಿಂಡಿಕೊಳ್ಳುವುದೇ ಇಲ್ಲ. ರಸ ಅಲ್ಲೇ ನಿಂತು ಹೊಸ ಕಲ್ಲು ಕಟ್ಟುತ್ತೆ. ವಾರಕ್ಕೆ ಅರ್ಧ ಕೆಜಿ ಸಾಕು. ಮೂರು ಹೊತ್ತೂ ಸಮಯಕ್ಕೆ ಸರಿಯಾಗಿ ಊಟ, ಅದರಲ್ಲಿ ಒಂದು ಚಮಚ ಎಣ್ಣೆಯೋ ತುಪ್ಪವೋ ಇರಲಿ. ಅನ್ನದ ರಾಶಿ, ಬೇಕರಿ ತಿಂಡಿ, ಸಿಹಿ ಪಾನೀಯ ಇಳಿಸಿ. 'ತಿಂಗಳಿಗೆ ಹತ್ತು ಕೆಜಿ' ಅನ್ನುವ ಶೇಕ್ ಪುಡಿಯವರನ್ನು ಗೇಟಿನ ಹೊರಗೇ ನಿಲ್ಲಿಸಿ.

ಯಲಹಂಕ_ಕೋಡರ್

ಅಂದ್ರೆ ಕಲ್ಲು ಇರೋರಿಗೆ ಅರಿಶಿನದ ಮಾತ್ರೆ ಹಿಂಡಿಸುತ್ತೆ ಅಂತ ಬೇಡ, ತುಪ್ಪ ಹಿಂಡಿಸುತ್ತೆ ಅಂತ ಬೇಕು. ಇದು ಹೇಗೆ?

ಓಪಿಡಿ_ಮುಗಿಸಿ_ಬಂದೆ

ಒಳ್ಳೆ ಪ್ರಶ್ನೆ. ಊಟದ ಜೊತೆ ಪಿತ್ತಕೋಶ ದಿನಾ ಮಾಡುವ ಕೆಲಸವನ್ನು ನಿಲ್ಲಿಸಬಾರದು. ಅದರ ಮೇಲೆ ಇನ್ನಷ್ಟು ಒತ್ತುವ ಸಾರಗಳನ್ನು ದಿನಾ ತುಂಬುವ ಅಗತ್ಯವೂ ಇಲ್ಲ. ಒಂದು ಚಮಚ ತುಪ್ಪದಿಂದಲೇ ನೋವು ಬರುವ ಹಂತ ತಲುಪಿದವರಿಗೆ ಸಲಹೆ ಬೇರೆ. ಅವರು ಸರ್ಜನ್ ನೋಡಬೇಕು.

ಊಟವಾದ ಮೇಲೆ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಬಂದು ಬಲಭುಜದ ಹಿಂದಕ್ಕೆ ಹರಿದರೆ ಡಾಕ್ಟರ್‌ಗೆ ತೋರಿಸಿ. ಚಳಿಜ್ವರ, ಹಳದಿ ಕಣ್ಣು, ಕಾಫಿ ಬಣ್ಣದ ಮೂತ್ರ, ಸುಣ್ಣದ ಬಣ್ಣದ ಮಲ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಸಿರ್ಸಿಯವ_ಈಗ_ವಿಜಯನಗರ

ಸೋರೆಕಾಯಿ ಜ್ಯೂಸ್ ವಿಷಯ ಬಿಟ್ಟೇ ಹೋಯ್ತು. ಲಾಲ್‌ಬಾಗ್ ಗೇಟಿನಲ್ಲಿ ಕುಡಿಯುವವರು ಕೇಳಿ. ಕಹಿ ಇದ್ದರೆ ತಕ್ಷಣ ಉಗುಳಿ. 'ಕಹಿ ಇದ್ದಷ್ಟೂ ಮದ್ದು' ಅನ್ನುವ ಮಾತು ಇಲ್ಲಿ ನಡೆಯಲ್ಲ. ಕಹಿ ಸೋರೆಯಲ್ಲಿ ವಿಷ ಇರುತ್ತೆ. ದೆಹಲಿಯಲ್ಲಿ 2010ರಲ್ಲಿ ವಿಜ್ಞಾನಿಯೊಬ್ಬರು ಆ ಜ್ಯೂಸ್ ಕುಡಿದು ತೀರಿಕೊಂಡರು. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮಿತಿಯೇ ಎಚ್ಚರಿಕೆ ಕೊಟ್ಟಿತು. ಹಾಗಲ, ಬೇವು ಎಲ್ಲ ಸೇರಿಸಿ ಅರೆದ ಜ್ಯೂಸ್ ಆದರೆ ಯಾವ ಕಹಿ ಯಾವುದರದ್ದು ಅಂತ ಗೊತ್ತೇ ಆಗಲ್ಲ.

ಜಯನಗರದವಳು

ಅಯ್ಯೋ, ಅವರದ್ದು ಮಿಕ್ಸ್ ಜ್ಯೂಸೇ. ನಾಳೆಯಿಂದ ಬಂದ್. ಕೊನೇ ಪ್ರಶ್ನೆ: ಕಾಫಿ ಬಿಡಿಸಬೇಕಾ? ಅದೊಂದನ್ನು ಬಿಡಿ ಅಂದರೆ ಇವರು ಮನೆ ಬಿಡ್ತಾರೆ.

ಓಪಿಡಿ_ಮುಗಿಸಿ_ಬಂದೆ

ಬೇಡ ಬೇಡ. ದಿನಕ್ಕೆ ಎರಡು ಮೂರು ಕಪ್ ಕುಡಿಯುವವರಲ್ಲಿ ಲಿವರ್ ಗಟ್ಟಿಯಾಗುವುದು ಕಮ್ಮಿ ಅಂತ ಹಲವು ದೇಶಗಳ ಲೆಕ್ಕ ಹೇಳುತ್ತೆ. ಇದು ಜನರನ್ನು ಗಮನಿಸಿ ಕಂಡ ಸಂಗತಿ, ಪ್ರಯೋಗ ಮಾಡಿ ಸಾಬೀತು ಮಾಡಿದ್ದಲ್ಲ. ಆದರೂ ಈ ಇಡೀ ಚರ್ಚೆಯಲ್ಲಿ ಬಂದ ಹೆಚ್ಚಿನ ಡಬ್ಬಗಳಿಗಿಂತ ಫಿಲ್ಟರ್ ಕಾಫಿಯ ಪರವಾಗಿ ಹೇಳಲು ಜಾಸ್ತಿ ಇದೆ. ಸಕ್ಕರೆ ಇಳಿಸಿ. ಮೂರು ತಿಂಗಳು ಬಿಟ್ಟು ಅದೇ ಲ್ಯಾಬ್‌ನಲ್ಲಿ ಎಸ್‌ಜಿಪಿಟಿ ಮತ್ತೆ ನೋಡಿ.

ಮೆಡಿಕಲ್ಸ್_ರಾಜಾಜಿನಗರ

ಅಕ್ಕ, ಆ ಡಬ್ಬ, ಮಾತ್ರೆಗಳನ್ನು ಈಗಲೇ ಬಿಸಾಡಬೇಡಿ. ಮುಂದೆ ಹಿಂದೆ ಫೋಟೋ ತೆಗೆದಿಡಿ. ಬ್ಯಾಚ್ ನಂಬರ್, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಎರಡೂ ಕಾಣಲಿ. ಆ ನಂಬರ್ ಇದ್ದರೆ ಅದು ಆಹಾರ ಅಂತ ಲೈಸೆನ್ಸ್ ಪಡೆದದ್ದು, ಔಷಧಿ ಅಂತ ಅಲ್ಲ. 'ಔಷಧೀಯ ಬಳಕೆಗೆ ಅಲ್ಲ' ಅಂತ ಪುಟ್ಟ ಅಕ್ಷರದಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಇರುತ್ತೆ, ಹುಡುಕಿ ನೋಡಿ. ಮುಂದೆ ಎಸ್‌ಜಿಪಿಟಿ ಏರಿದರೆ ಡಾಕ್ಟರ್ ಮೊದಲು ಕೇಳುವುದೇ 'ಏನೇನು ತಿಂದಿರಿ' ಅಂತ. ಇಂಥ ಮಾತ್ರೆಗಳಿಂದ ತೊಂದರೆಯಾಯ್ತು ಅಂತ ಅನುಮಾನ ಬಂದರೆ ಕೇಂದ್ರ ಸರ್ಕಾರದ ಔಷಧ ಅಡ್ಡಪರಿಣಾಮ ಸಹಾಯವಾಣಿ ಇದೆ: 1800-180-3024. ಡಾಕ್ಟರೇ ಮಾಡಬೇಕು ಅಂತಿಲ್ಲ, ನೀವೇ ಫೋನ್ ಮಾಡಬಹುದು.